ಅಪ್‌ಡೇಟ್: ನಮ್ಮ ಪಾರಿಜಾತ ಸಂಘದ ಧನಸಹಾಯದ ಅರ್ಜಿ

ಬಾಗಲಕೋಟೆ ಜಿಲ್ಲೆಯ ನಮ್ಮ ಶ್ರೀಕೃಷ್ಣ ಪಾರಿಜಾತ (ಉತ್ತರ ಕರ್ನಾಟಕದ ಜನಪದ ರಂಗಕಲೆ) ಸಂಘದ ಧನಸಹಾಯದ ಅರ್ಜಿ ಏಕೆ ಮರಳಿ ಬಂತೆಂದು ಹಿಂದೆ ಇಲ್ಲಿ ಕೇಳಿದ್ದೆ. ಕಾರಣ ಈಗ ತಿಳಿದಿದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಂತೆ ಪ್ರತಿವರ್ಷ ಸಲ್ಲಿಸಬೇಕಾದ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನಾವು ಎರಡು ವರ್ಷ ಸಲ್ಲಿಸಿರಲಿಲ್ಲ. ನಿಮ್ಮಲ್ಲೊಬ್ಬರು ಸೂಚಿಸಿದಂತೆ ಅದನ್ನು ಸರಿಪಡಿಸಿಕೊಂಡು, ಲೆಕ್ಕಪರಿಶೋಧಕರಿಂದ ವರದಿ ಪಡೆದು, ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಮತ್ತೆ ಅರ್ಜಿ ಸಲ್ಲಿಸಿದ್ದೇವೆ. ಎಲ್ಲಕ್ಕಿಂತ ಕಷ್ಟವಾದದ್ದು ಹಳೆಯ ಖರ್ಚಿಗೆ ರಸೀದಿ ಹೊಂದಿಸುವ ಕೆಲಸ: ಪೆಂಡಾಲಿನವರು, ಟೆಂಪೊದವರು ಬರೀ ಚೀಟಿಯಲ್ಲಿ ಮೊತ್ತ ಬರೆದುಕೊಟ್ಟಿದ್ದರು, ಹಾರ್ಮೋನಿಯಂ ತಿದಿ ರಿಪೇರಿಗೆ ಅದೂ ಇರಲಿಲ್ಲ. ರಾತ್ರಿಯಿಡೀ ಆಡುವ ಕಲಾವಿದರ ಸಂಭಾವನೆಯನ್ನು ಈಗ ಅವರವರ ಬ್ಯಾಂಕ್ ಖಾತೆಗೇ ಹಾಕುತ್ತಿದ್ದೇವೆ; ಇದನ್ನು ಮೊದಲೇ ಮಾಡಬೇಕಿತ್ತು. ಹಣ ಇನ್ನೂ ಮಂಜೂರಾಗಿಲ್ಲ, ಅರ್ಜಿ ಪರಿಶೀಲನೆಯಲ್ಲಿದೆ.