ಮುರಿದ ಹ್ಯಾಲಿಫ್ಯಾಕ್ಸನ್ನು ಮುರಿದಂತೆಯೇ ಬಿಡಬೇಕೇ?

ರಘುನಂದನ: (ಚಿತ್ರ) ಲಂಡನ್‌ನ ಹೆಂಡನ್‌ನಲ್ಲಿರುವ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ವಸ್ತುಸಂಗ್ರಹಾಲಯದ ಹ್ಯಾಲಿಫ್ಯಾಕ್ಸ್, ಎರಡನೆಯ ಮಹಾಯುದ್ಧದ ಬ್ರಿಟಿಷ್ ಬಾಂಬರ್. ಆರು ಸಾವಿರಕ್ಕೂ ಹೆಚ್ಚು ತಯಾರಾದ ವಿಮಾನ ಇದು. ಇಂದು ವಸ್ತುಸಂಗ್ರಹಾಲಯಗಳಲ್ಲಿ ನೋಡಸಿಗುವುದು ಮೂರೇ ಮೂರು, ಅದರಲ್ಲಿ ಒಂದಕ್ಕೆ ಈ ಗತಿ. ಗುಜರಿ ಸಾಮಾನಿನಂತೆ ಬಿದ್ದಿದೆ. ಇಷ್ಟು ಪರಿಣತಿ ಇರುವ ದೇಶಕ್ಕೆ ಇದು ಅವಮಾನ.

ಇಕ್ಬಾಲ್: ನನಗೂ ಹಾಗೆಯೇ ಅನಿಸುತ್ತದೆ. ಕೆನಡಾದ ಟ್ರೆಂಟನ್‌ನಲ್ಲಿರುವ ಎನ್‌ಎ337 ಸಂಖ್ಯೆಯ ಹ್ಯಾಲಿಫ್ಯಾಕ್ಸ್ ನೋಡಿ. 1945ರ ಏಪ್ರಿಲ್‌ನಲ್ಲಿ ನಾರ್ವೆಯ ಮ್ಯೋಸಾ ಸರೋವರಕ್ಕೆ ಬಿದ್ದ ವಿಮಾನ. ಸಿಬ್ಬಂದಿಯಲ್ಲಿ ಬದುಕಿದ್ದು ಒಬ್ಬರೇ. 1995ರಲ್ಲಿ ಇನ್ನೂರು ಮೀಟರ್‌ಗೂ ಹೆಚ್ಚು ಆಳದಿಂದ ಅದನ್ನು ಎತ್ತಿದರು, ಹತ್ತು ವರ್ಷ ದುಡಿದರು, 2005ರಲ್ಲಿ ಅದು ಇಡಿಯಾಗಿ ನಿಂತಿತು. ಬಹುಪಾಲು ಸ್ವಯಂಸೇವಕರ ಕೆಲಸ. ಅಲ್ಲಿ ಆಗಿದ್ದು ಲಂಡನ್‌ನಲ್ಲಿ ಏಕೆ ಆಗಬಾರದು?

ವನಜಾ: ಯಾರೂ ಹೆಂಡನ್‌ನದನ್ನು ನಿರ್ಲಕ್ಷಿಸಿಲ್ಲ ರಘು. ಬೇಕೆಂದೇ, ಯೋಚಿಸಿಯೇ ಹಾಗೆ ಇಟ್ಟಿದ್ದಾರೆ. ಆ ವಿಮಾನದ ಸಂಖ್ಯೆ ಡಬ್ಲ್ಯು1048. 1942ರ ಏಪ್ರಿಲ್ 27ರ ರಾತ್ರಿ ನಾರ್ವೆಯ ಟ್ರೊಂಡ್‌ಹೈಮ್ ಬಳಿಯ ಫ್ಯೋರ್ಡ್‌ನಲ್ಲಿ (ಕಿರಿದಾದ ಕಡಲ ಕೊಲ್ಲಿ) ಅಡಗಿದ್ದ ಜರ್ಮನ್ ಯುದ್ಧನೌಕೆ ಟಿರ್ಪಿಟ್ಸ್ ಮೇಲೆ ದಾಳಿಗೆ ಹೋಗಿತ್ತು. ವಿಮಾನ ನಿರೋಧಕ ಗುಂಡು ತಗುಲಿ ರೆಕ್ಕೆ ಹೊತ್ತಿಕೊಂಡಿತು. ಪೈಲಟ್ ಅದನ್ನು ಹೆಪ್ಪುಗಟ್ಟಿದ ಹೋಕ್ಲಿಂಗೆನ್ ಸರೋವರದ ಮೇಲೆ ಹೊಟ್ಟೆಯೂರಿ ಇಳಿಸಿದ. ಸಿಬ್ಬಂದಿಯಲ್ಲಿ ಒಬ್ಬರೂ ಸಾಯಲಿಲ್ಲ. ಕಾಲು ಮುರಿದುಕೊಂಡವನೊಬ್ಬ ಸೆರೆಯಾದ, ಉಳಿದವರು ಹಿಮದಲ್ಲಿ ನಡೆದು ಸ್ವೀಡನ್ ಸೇರಿಕೊಂಡರು. ಮಂಜು ಕರಗಿ ವಿಮಾನ ಮುಳುಗಿತು. 1973ರಲ್ಲಿ ಮುಳುಗುಗಾರರು ಅದನ್ನು ಮೇಲೆತ್ತಿದರು. ನೀವು ‘ಗತಿ’ ಎಂದು ಕರೆದಿರುವುದು ಆ ರಾತ್ರಿಯ ಗುರುತುಗಳನ್ನು.

ರಘುನಂದನ: ಕಥೆ ಇಷ್ಟು ದೊಡ್ಡದಿದ್ದರೆ ವಿಮಾನಕ್ಕೂ ಅದಕ್ಕೆ ತಕ್ಕ ರೂಪ ಕೊಡಬೇಕಲ್ಲವೇ?

ಗುರುಪ್ರಸಾದ್: ರಘು ಹೇಳುವುದರಲ್ಲಿ ಅರ್ಥವಿದೆ. ಆಕಾರವೂ ಒಂದು ಮಾಹಿತಿಯೇ. ಏಳು ಜನ ಆ ಇಕ್ಕಟ್ಟಿನಲ್ಲಿ ಎಲ್ಲಿ ಕೂರುತ್ತಿದ್ದರು, ರೆಕ್ಕೆಯ ಮುಖ್ಯ ಸ್ಪಾರ್ (ಒಡಲಿಗೆ ಅಡ್ಡ ಹಾಯುವ ತೊಲೆ) ದಾಟಿ ಹಿಂದಕ್ಕೆ ಹೇಗೆ ತೆವಳುತ್ತಿದ್ದರು ಎಂಬುದು ನೆಲಕ್ಕೆ ಕುಸಿದ ಒಡಲನ್ನು ನೋಡಿದರೆ ತಿಳಿಯುವುದಿಲ್ಲ. ಮೊದಲ ಬಾರಿ ನೋಡುವವರಿಗೆ ಅದು ಲೋಹದ ರಾಶಿ.

ವನಜಾ: ಅದನ್ನು ತಿಳಿಸಲು ಟ್ರೆಂಟನ್ ಇದೆ, ಮೂರನೆಯ ಹ್ಯಾಲಿಫ್ಯಾಕ್ಸ್ ಇರುವ ಇಂಗ್ಲೆಂಡ್‌ನ ಎಲ್ವಿಂಗ್ಟನ್ ಇದೆ. ಮೂರನ್ನೂ ಒಂದೇ ರೀತಿ ಮಾಡಬೇಕೆಂಬ ಹಟ ಏಕೆ?

ನಾವೆಲ್ಲ ಲೋಹಶಾಸ್ತ್ರ ಓದಿದವರು, ಆ ಕಡೆಯಿಂದಲೇ ನೋಡೋಣ. ಹೊದಿಕೆಯ ಹಾಳೆ ಡ್ಯುರಾಲುಮಿನ್ ಜಾತಿಯದು, ಅಂದರೆ ತಾಮ್ರ ಮತ್ತು ಸ್ವಲ್ಪ ಮೆಗ್ನೀಸಿಯಂ ಸೇರಿಸಿ ಗಟ್ಟಿಗೊಳಿಸಿದ ಅಲ್ಯೂಮಿನಿಯಂ. ತೇವ ಹೊಕ್ಕರೆ ಕೊರೆತವು (ತುಕ್ಕಿನಂತೆ ಲೋಹವನ್ನು ತಿನ್ನುವುದು) ಹರಳುಗಳ ಗಡಿಗುಂಟ ಸಾಗಿ ಲೋಹ ಪದರ ಪದರವಾಗಿ ಏಳುತ್ತದೆ. ಮೇಲ್ಮೈ ಬಣ್ಣ ಮಾಸದಿದ್ದರೂ ಒಳಗೆ ಬಲ ಉಳಿದಿರುವುದಿಲ್ಲ. ಅಂತಹ ವಿಮಾನವನ್ನು ಮತ್ತೆ ಕಾಲಮೇಲೆ ನಿಲ್ಲಿಸಬೇಕಾದರೆ ಹಳೆಯ ಹಾಳೆಯನ್ನು ಕಿತ್ತು ಹೊಸದನ್ನು ಹೊಡೆಯಬೇಕು. ಕಿತ್ತ ಹಾಳೆಯ ಜೊತೆ ಏನೇನು ಹೋಗುತ್ತದೆ ಗೊತ್ತೇ? 1942ರಲ್ಲಿ ಬಳಿದ ಬಣ್ಣ, ಅದರ ಕೆಳಗಿನ ಪ್ರೈಮರ್, ಕಾರ್ಖಾನೆಯ ತಪಾಸಣಾ ಮುದ್ರೆಗಳು, ಅವಸರದಲ್ಲಿ ಹೊಡೆದ ರಿವೆಟ್‌ಗಳ ಸಾಲು, ಮಂಜಿನ ಮೇಲೆ ಇಳಿದಾಗ ಬಿದ್ದ ಮಡಿಕೆ. ಇವನ್ನೆಲ್ಲ ಮತ್ತೆ ಎಲ್ಲಿಂದಲೂ ತರಲಾಗುವುದಿಲ್ಲ. ತಣ್ಣನೆಯ ಸಿಹಿನೀರು ಮೂವತ್ತೊಂದು ವರ್ಷ ಕಾದುಕೊಟ್ಟ ಪುರಾವೆಯನ್ನು ಅಂದಗಾಣಿಸುವ ಆಸೆಗೆ ನಾವು ಅಳಿಸಿಹಾಕಬಾರದು.

ಇಕ್ಬಾಲ್: ಹಾಗಿದ್ದರೆ ಎಲ್ವಿಂಗ್ಟನ್‌ನದನ್ನು ಏನೆನ್ನುತ್ತೀರಿ? ಅದರ ಒಡಲಿನ ಒಂದು ತುಂಡು ಸ್ಕಾಟ್ಲೆಂಡ್‌ನ ಲೂಯಿಸ್ ದ್ವೀಪದಲ್ಲಿ ಕೋಳಿಗೂಡಾಗಿತ್ತು. ರೆಕ್ಕೆ ಹೇಸ್ಟಿಂಗ್ಸ್ ಸಾರಿಗೆ ವಿಮಾನದ್ದು, ಎಂಜಿನ್‌ಗಳು ಫ್ರಾನ್ಸ್‌ನಿಂದ ಬಂದವು. ನಿಮ್ಮ ಅಳತೆಗೋಲಿನಲ್ಲಿ ಅದು ಹ್ಯಾಲಿಫ್ಯಾಕ್ಸೇ ಅಲ್ಲ.

ವನಜಾ: ನನಗೆ ಅದರ ಮೇಲೆ ಅಪಾರ ಗೌರವವಿದೆ. ಆ ಕೋಳಿಗೂಡನ್ನು ಬಿಟ್ಟಿದ್ದರೆ ಗಾಳಿಮಳೆಗೆ ಕರಗಿ ಹೋಗುತ್ತಿತ್ತು. ಅಲ್ಲಿ ಅಳಿಸಲು ಏನೂ ಉಳಿದಿರಲಿಲ್ಲ, ಕಟ್ಟಿದ್ದೆಲ್ಲ ಲಾಭವೇ. ಯಾವ ಭಾಗ ಎಲ್ಲಿಂದ ಬಂತು ಎಂಬುದನ್ನು ಕಟ್ಟಿದವರು ಮುಚ್ಚಿಟ್ಟೂ ಇಲ್ಲ. ಹೆಂಡನ್‌ನದರ ಸ್ಥಿತಿ ಬೇರೆ.

ಸುಮಿತ್ರಾ: ನೀವೆಲ್ಲ ನಿಂತ ವಿಮಾನದ ಬಗ್ಗೆಯೇ ಮಾತನಾಡುತ್ತಿದ್ದೀರಿ. ನಾಲ್ಕು ಮರ್ಲಿನ್ ಎಂಜಿನ್‌ಗಳು ಒಟ್ಟಿಗೆ ತಲೆಯ ಮೇಲೆ ಹಾದುಹೋದಾಗ ಎದೆಯಲ್ಲಿ ಆಗುವುದು ಯಾವ ಗಾಜಿನ ಪೆಟ್ಟಿಗೆಯ ಮುಂದೆಯೂ ಆಗುವುದಿಲ್ಲ. ಹಾರುವ ಸ್ಥಿತಿಯಲ್ಲಿ ಉಳಿಸಿರುವ ಲಂಕಾಸ್ಟರ್‌ಗಳು (ಅದೇ ಯುದ್ಧದ ಇನ್ನೊಂದು ಬ್ರಿಟಿಷ್ ಬಾಂಬರ್) ಜಗತ್ತಿನಲ್ಲಿ ಎರಡೇ: ಬ್ರಿಟನ್‌ನ ಪಿಎ474 ಮತ್ತು ಕೆನಡಾದ್ದು. 2014ರಲ್ಲಿ ಕೆನಡಾದ ವಿಮಾನ ಅಟ್ಲಾಂಟಿಕ್ ದಾಟಿ ಬಂದು ಎರಡೂ ಜೊತೆಯಾಗಿ ಹಾರಿದವು. ಅದನ್ನು ನೋಡಲು ಜನ ಏಕೆ ಸೇರಿದರು ಎಂದು ಯೋಚಿಸಿ.

ಗುರುಪ್ರಸಾದ್: ಹಾರಾಟದ ಬೆಲೆಯನ್ನೂ ಹೇಳಬೇಕು ಸುಮಿತ್ರಾ. 2019ರ ಅಕ್ಟೋಬರ್‌ನಲ್ಲಿ ಅಮೆರಿಕದ ಬ್ರಾಡ್ಲಿ ವಿಮಾನ ನಿಲ್ದಾಣದಲ್ಲಿ ಯುದ್ಧಕಾಲದ ಬಾಂಬರ್ ಬಿ-17 ಉರುಳಿ ಏಳು ಜನ ಸತ್ತರು. 2022ರ ನವೆಂಬರ್‌ನಲ್ಲಿ ಡಲ್ಲಾಸ್ ವೈಮಾನಿಕ ಪ್ರದರ್ಶನದಲ್ಲಿ ಇನ್ನೊಂದು ಬಿ-17ಕ್ಕೆ ಪಿ-63 ಯುದ್ಧವಿಮಾನ ಡಿಕ್ಕಿ ಹೊಡೆದು ಆರು ಜನ. 2023ರಲ್ಲಿ ರೆಕ್ಕೆಯ ಸ್ಪಾರ್ ಜೋಡಣೆಯಲ್ಲಿ ಬಿರುಕಿನ ಭಯದಿಂದ ಉಳಿದ ಬಿ-17ಗಳೂ ನೆಲ ಹಿಡಿದವು. ಹೋದ ಜೀವಗಳ ಜೊತೆ ಎರಡು ಬಿ-17ಗಳೂ ಹೋದವು.

ಸುಮಿತ್ರಾ: ಆ ಸಾವುಗಳನ್ನು ನಾನು ಮರೆತಿಲ್ಲ. ಆದರೂ ಹಾರಬಲ್ಲದ್ದನ್ನು ಹಾರಿಸಲು ಕಲಿತ ಕೈಗಳು ಬೇಕು. ಎಲ್ಲವನ್ನೂ ನಿಲ್ಲಿಸಿಬಿಟ್ಟರೆ ಮರ್ಲಿನ್ ಬಿಚ್ಚಿ ಜೋಡಿಸಬಲ್ಲವರು ಒಂದು ತಲೆಮಾರಿನಲ್ಲಿ ಇಲ್ಲವಾಗುತ್ತಾರೆ. ಪುಸ್ತಕದಲ್ಲಿ ಬರೆದಿಟ್ಟು ಉಳಿಸುವ ವಿದ್ಯೆ ಅದಲ್ಲ.

ವನಜಾ: ಈ ಮಾತನ್ನು ಒಪ್ಪುತ್ತೇನೆ, ಪೂರ್ತಿಯಾಗಿ.

ರಘುನಂದನ: ಹಾಗಾದರೆ ಲಿಬರೇಟರ್‌ಗಳನ್ನೂ, ಅಂದರೆ ಅಮೆರಿಕದ ಬಿ-24 ಬಾಂಬರ್‌ಗಳನ್ನೂ ನೆನಪಿಸಿಕೊಳ್ಳಿ. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಬಿ-24ಗಳನ್ನು ಮತ್ತೆ ಯಾರೂ ಬಳಸದಂತೆ ಕೆಡಿಸಿ ಹೋದರು. ನಮ್ಮ ಎಚ್‌ಎಎಲ್‌ನವರು ಅವನ್ನೇ ಹಾರುವಷ್ಟು ಸರಿಪಡಿಸಿ ಬೆಂಗಳೂರಿಗೆ ತಂದು, ಪೂರ್ತಿ ದುರಸ್ತಿ ಮಾಡಿ ವಾಯುಪಡೆಗೆ ಕೊಟ್ಟರು. 1968ರವರೆಗೆ ದುಡಿದವು. ಅವುಗಳಲ್ಲಿ ಒಂದನ್ನು 1974ರಲ್ಲಿ ಆರ್‌ಎಎಫ್ ವಸ್ತುಸಂಗ್ರಹಾಲಯಕ್ಕೇ ಉಡುಗೊರೆಯಾಗಿ ಕೊಟ್ಟೆವು! ಮುರಿದದ್ದನ್ನು ಮುರಿದಂತೆಯೇ ಬಿಟ್ಟಿದ್ದರೆ ಇಂದು ಜಗತ್ತಿನಲ್ಲಿ ಎಷ್ಟು ಲಿಬರೇಟರ್ ಉಳಿಯುತ್ತಿದ್ದವು?

ವನಜಾ: ಆ ಕೆಲಸವನ್ನು ನೆನೆದರೆ ಹೆಮ್ಮೆಯಾಗುತ್ತದೆ. ಆದರೆ ಆಗ ಅದು ಸೇವೆಗೆ ಬೇಕಾದ ವಿಮಾನ, ದುರಸ್ತಿ ಅದರ ಬದುಕಿನದೇ ಭಾಗ. ಆ ದುರಸ್ತಿಯ ಗುರುತುಗಳೂ ಈಗ ಇತಿಹಾಸವೇ. ನಾಳೆ ಯಾರಾದರೂ ಆ ವಿಮಾನವನ್ನು ‘ಮೂಲ ರೂಪಕ್ಕೆ ತರುತ್ತೇವೆ’ ಎಂದು ಹೊರಟು ಬೆಂಗಳೂರಿನಲ್ಲಿ ಹೊಡೆದ ತೇಪೆಗಳನ್ನು ಕಿತ್ತರೆ ನೀವು ಸುಮ್ಮನಿರುತ್ತೀರಾ?

ರಘುನಂದನ: ಇಲ್ಲ. ಸುಮ್ಮನಿರುವುದಿಲ್ಲ.

ಗುರುಪ್ರಸಾದ್: ನನ್ನ ಮುಖ್ಯ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ವನಜಾ ಹೇಳಿದ ಕೊರೆತ ನೀರಿನಿಂದ ಎತ್ತಿದ ಕೂಡಲೇ ನಿಂತುಬಿಡುವುದಿಲ್ಲ. ‘ಇದ್ದಂತೆಯೇ ಇಡುವುದು’ ಎನ್ನುವುದು ನಿಧಾನವಾಗಿ ಸಾಯಲು ಬಿಡುವುದಕ್ಕೆ ಇಟ್ಟ ಹೆಸರಾಗಬಾರದು.

ವನಜಾ: ಸರಿಯಾದ ಪ್ರಶ್ನೆ. ಇದ್ದಂತೆಯೇ ಇಡುವುದಕ್ಕೂ ದೊಡ್ಡ ದುಡಿಮೆ ಬೇಕು. 2013ರ ಜೂನ್‌ನಲ್ಲಿ ಇಂಗ್ಲಿಷ್ ಕಡಲ್ಗಾಲುವೆಯ ಗುಡ್‌ವಿನ್ ಸ್ಯಾಂಡ್ಸ್‌ನಿಂದ ಡಾರ್ನಿಯರ್-17 ಎಂಬ ಜರ್ಮನ್ ಬಾಂಬರನ್ನು ಎತ್ತಿದರಲ್ಲ, ಅದು ಉಪ್ಪುನೀರಿನದು. ಉಪ್ಪಿನ ಕ್ಲೋರೈಡ್ ಒಳಗೇ ಉಳಿದರೆ ಒಣಗಿದ ಮೇಲೂ ತಿನ್ನುತ್ತಲೇ ಇರುತ್ತದೆ. ಅದಕ್ಕೆ ಆರ್‌ಎಎಫ್ ವಸ್ತುಸಂಗ್ರಹಾಲಯದ ಕಾಸ್‌ಫರ್ಡ್ ಶಾಖೆಯಲ್ಲಿ ಡೇರೆಗಳಂತಹ ಸುರಂಗ ಕಟ್ಟಿ, ಸಿಟ್ರಿಕ್ ಆಮ್ಲಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಬೆರೆಸಿ ಹದಗೊಳಿಸಿದ ದ್ರಾವಣವನ್ನು ತಿಂಗಳುಗಟ್ಟಲೆ ಚಿಮುಕಿಸಿದರು. ಬಣ್ಣ ಬಳಿಯುವುದಕ್ಕಿಂತ ಕಷ್ಟದ ಕೆಲಸ. ಕೊನೆಗೆ ಕಾಣುವುದು ಅದೇ ಮುರಿದ ವಿಮಾನ, ಅದಕ್ಕೇ ಈ ದುಡಿಮೆಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಇಕ್ಬಾಲ್: ಒಂದು ವಿಷಯ. ಡಬ್ಲ್ಯು1048ರ ಮೂತಿಯ ಗನ್ ಗೋಪುರವನ್ನು ಮೊದಲೇ ಹೊಸದರಂತೆ ಸರಿಪಡಿಸಿಬಿಟ್ಟಿದ್ದರು. ಆಮೇಲೆ ನಿಲುವು ಬದಲಾಯಿತು, ಉಳಿದದ್ದನ್ನು ಮುಟ್ಟಲಿಲ್ಲ. ಅಂದರೆ ವಸ್ತುಸಂಗ್ರಹಾಲಯದೊಳಗೇ ನಮ್ಮ ಈ ಜಗಳ ನಡೆದಿತ್ತು!

ಸುಮಿತ್ರಾ: ಆ ಗೋಪುರ ನೋಡುವವರಿಗೆ ಒಳ್ಳೆಯ ಹೋಲಿಕೆ ಕೊಡುತ್ತದೆ. ಗುರುಪ್ರಸಾದ್ ಕೇಳಿದ ಆಕಾರ ಸ್ವಲ್ಪವಾದರೂ ಅಲ್ಲಿ ಸಿಗುತ್ತದೆ.

ಗುರುಪ್ರಸಾದ್: ಸ್ವಲ್ಪ ಸಾಲದು. ನಾಳೆ ಯಾವುದೋ ಸರೋವರದಿಂದ ನಾಲ್ಕನೆಯ ಹ್ಯಾಲಿಫ್ಯಾಕ್ಸ್ ಬಂದರೆ ಏನು ಮಾಡಬೇಕು? ಅಡ್ಡಗೋಡೆಯ ಮೇಲೆ ದೀಪ ಇಡದೆ ಹೇಳಿ ವನಜಾ.

ವನಜಾ: ಮೊದಲು ಅದರೊಳಗೆ ಸತ್ತವರಿದ್ದಾರೆಯೇ ನೋಡಬೇಕು. ಇದ್ದರೆ ಅದು ಸಮಾಧಿ, ಮನೆಯವರ ಮಾತು ನಮ್ಮೆಲ್ಲರ ಮಾತಿಗಿಂತ ಮುಂದೆ. ಇಲ್ಲದಿದ್ದರೆ ಒಂದು ರಿವೆಟ್ ಕೀಳುವ ಮೊದಲೇ ಒಳಹೊರಗನ್ನೆಲ್ಲ ಅಳೆದು, ಚಿತ್ರಿಸಿ, ಬಣ್ಣದ ಪದರಗಳನ್ನು ಪರೀಕ್ಷಿಸಿ ದಾಖಲಿಸಬೇಕು. ಮೂಲ ಹೊದಿಕೆ ಬಹುಪಾಲು ಉಳಿದಿದ್ದರೆ ಹಾಗೆಯೇ ಇಡಬೇಕು ಎನ್ನುತ್ತೇನೆ.

ಇಕ್ಬಾಲ್: ದಾಖಲೆಯ ಷರತ್ತು ಒಪ್ಪಿದೆ, ಕೊನೆಯ ಮಾತು ಒಪ್ಪಿಲ್ಲ. ದಾಖಲಿಸಿದ ಮೇಲೆ ಕಟ್ಟಿ ನಿಲ್ಲಿಸಬೇಕು. ನಾನು ಟ್ರೆಂಟನ್ ಪಕ್ಷದವನೇ.

ವನಜಾ: ನಿಲ್ಲಿಸಿ. ಆದರೆ ಕಿತ್ತ ಪ್ರತಿ ಹಾಳೆಯನ್ನೂ ಸಂಖ್ಯೆ ಹಾಕಿ ಉಗ್ರಾಣದಲ್ಲಿ ಇಡಿ, ಕರಗಿಸಬೇಡಿ.

ಇಕ್ಬಾಲ್: ಅದಕ್ಕೆ ನನ್ನ ಒಪ್ಪಿಗೆ ಇದೆ.

ರಘುನಂದನ: ‘ಅವಮಾನ’ ಎಂದು ಬರೆದು ಇದೇ ಚಿತ್ರವನ್ನು ಮನೆಯವರ ಗುಂಪಿಗೂ ಕಳುಹಿಸಿದ್ದೆ. ವನಜಾ ಬರೆದ ಟಿರ್ಪಿಟ್ಸ್ ದಾಳಿಯ ವಿವರವನ್ನು ಅದರ ಕೆಳಗೆ ಸೇರಿಸುತ್ತಿದ್ದೇನೆ. ಎಲ್ವಿಂಗ್ಟನ್ ಹ್ಯಾಲಿಫ್ಯಾಕ್ಸ್‌ನ ಒಳಭಾಗದ ಚಿತ್ರಗಳು ಯಾರ ಬಳಿಯಾದರೂ ಇದ್ದರೆ ಇಲ್ಲಿ ಹಾಕಿ, ಆ ಸ್ಪಾರ್ ದಾಟುವ ಜಾಗ ನೋಡಬೇಕು.