ಅವ್ವನನ್ನು ಸಣ್ಣ ಕೇರ್ ಹೋಮಿನಲ್ಲಿ ಇಡಬಹುದಾ? ಅನುಭವ ಇದ್ದವರು ಹೇಳಿ

ವಿಜಯಪುರದಾಕೆ:
ಅವ್ವನಿಗೆ 78. ಲಕ್ವಾ ಹೊಡೆದು ಎಡಗಡೆ ಸ್ವಾಧೀನ ಇಲ್ಲ, ಶುಗರ್ ಇದೆ, ಇನ್ಸುಲಿನ್ ನಡೆದಿದೆ. ನಾನು ಪುಣೆಯಲ್ಲಿ. ಊರಲ್ಲಿರುವ ತಮ್ಮ, ಅವನ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲೇ ನಡೆಸುವ ಒಂದು ಹೋಮ್ ನೋಡಿದೆವು. ಹತ್ತು ಹಾಸಿಗೆ, ತಿಂಗಳಿಗೆ 18,000, ಡೈಪರ್ ಔಷಧಿ ಬೇರೆ. ಜಾಗ ಸ್ವಚ್ಛ ಇದೆ. ರಾತ್ರಿಗೆ ಒಬ್ಬಳೇ ಆಯಾ ಅಂದರು. ಸಾಕಾಗುತ್ತಾ?

ಟಿಳಕವಾಡಿ ಸೊಸೆ:
ನಮ್ಮತ್ತೆಯನ್ನು ಬೆಳಗಾವಿಯಲ್ಲಿ ಇಂಥದೇ ಒಂದು ಕಡೆ ಇಟ್ಟಿದ್ದೆವು, ಹೆಸರು ಬೇಡ. ಡಿಪಾಸಿಟ್ 50,000 ಇಸ್ಕೊಂಡರು, ವಾಪಸ್ ಕೊಡುವಾಗ 'ಗೋಡೆ ಬಣ್ಣ' ಅಂತ 20,000 ಮುರಿದರು. ಹಾಸಿಗೆ ಹಿಡಿದ ಮುದುಕಿ ಗೋಡೆಗೆ ಏನು ಮಾಡ್ತಾಳೆ ಹೇಳಿ? ಮಲಗಿ ಮಲಗಿ ಹುಣ್ಣಾಗದಿರಲಿ ಅಂತ ಪಂಪಿನಿಂದ ಗಾಳಿ ತುಂಬುವ ಏರ್ ಬೆಡ್ 3,200 ಕೊಟ್ಟು ನಾನೇ ತಂದೆ. ಒಂದು ದಿನ ಹೇಳದೇ ಹೋದರೆ ಪಂಪಿನ ವಯರ್ ತೆಗೆದಿಟ್ಟಿದ್ದರು, ಕರೆಂಟ್ ಬಿಲ್ ಬರುತ್ತಂತೆ! ಅಂಗಡಿಯಲ್ಲಿ 10 ಡೈಪರಿಗೆ 380, ಇವರ ಬಿಲ್ಲಿನಲ್ಲಿ ಒಂದಕ್ಕೆ 60. ಅದೂ ದಿನಕ್ಕೆ ಆರು ಅಂತ ಬರೆದು ಮೂರು ಹಾಕುತ್ತಿದ್ದರು. ಕೊನೆಗೆ ಸೊಂಟದ ಕೆಳಗೆ ಹುಣ್ಣಾಯಿತು. ಮೊದಲು ಕೆಂಪಗೆ ಇತ್ತು, 'ಸೆಕೆ ಗುಳ್ಳೆ, ಪೌಡರ್ ಹಾಕ್ತೀವಿ' ಅಂದರು. ಆಸ್ಪತ್ರೆಗೆ ಒಯ್ದಾಗ ಎಲುಬು ಕಾಣುತ್ತಿತ್ತು. ಸತ್ತ ಮಾಂಸ ಕತ್ತರಿಸಿ ತೆಗೆಯಲು 46,000, ಆಮೇಲೆ ದಿನ ಬಿಟ್ಟು ದಿನ ಡ್ರೆಸಿಂಗ್, ಪ್ರತಿ ಸಲ 700. ಸಣ್ಣ ಹೋಮ್ ಅಂದ್ರೆ ಮನೆ ಥರ ಅನ್ನೋದೆಲ್ಲ ಸುಮ್ನೆ ಮಾತು.

ನವನಗರದವ:
ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಮ್ಮ ಅಪ್ಪ ಬಾಗಲಕೋಟೆಯಲ್ಲಿ ಸಣ್ಣ ಹೋಮಿನಲ್ಲೇ ಇದ್ದಾರೆ, ಚೆನ್ನಾಗಿದ್ದಾರೆ. ತಿಂಗಳಿಗೆ 22,000, ಮೇಲೆ 3,000 ಜಾಸ್ತಿ, ಯಾಕಂದ್ರೆ ಅವರು ಅಲೆದಾಡುವ ಪೇಷಂಟ್. ಮರೆವಿನ ಕಾಯಿಲೆ. ಆಲಮಟ್ಟಿ ಹಿನ್ನೀರಿಗೆ ನಮ್ಮ ಹಳೇ ಮನೆ ಹೋಗಿ ಎಷ್ಟೋ ವರ್ಷ ಆಯಿತು, ಅಪ್ಪ ಮಾತ್ರ ರಾತ್ರಿ ಎರಡು ಗಂಟೆಗೆ ಎದ್ದು ಚಪ್ಪಲಿ ಮೆಟ್ಟಿ 'ಮನೆಗೆ ಹೋಗ್ತೀನಿ' ಅಂತಾರೆ. ಒಂದು ಸಲ ಗೇಟ್ ದಾಟಿಯೇ ಬಿಟ್ಟಿದ್ದರು, ಹಾಲಿನವನು ಹಿಡಿದು ತಂದ. ಆವಾಗ ನಾನು ಕೂಗಾಡಿದ್ದು ನಿಜ. ಮರುದಿನವೇ ಬಾಗಿಲಿಗೆ ಗಂಟೆ ಕಟ್ಟಿಸಿದರು, ಚಿಲಕ ಮೇಲೆ ಏರಿಸಿದರು. ನಡೆಸುವಾಕೆ ರಿಟೈರ್ಡ್ ನರ್ಸ್, ಅದೇ ಮನೆಯ ಮಾಳಿಗೆ ಮೇಲೆ ಇರ್ತಾರೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗಲ್ಲ. ಅಲ್ಲಿ ತಾಸಿಗೊಮ್ಮೆ ಮಜ್ಜಿಗೆ, ಅಂಬಲಿ ಅಂತ ಬಾಯಿಗೆ ಹಿಡೀತಾರೆ. ಹೋಗಿ ನೋಡ್ತಾ ಇದ್ದರೆ ಹುಣ್ಣು ಆಗಲ್ಲ ಮೇಡಂ.

ಟಿಳಕವಾಡಿ ಸೊಸೆ:
ಅಂದ್ರೆ ನಾನು ನೋಡಲಿಲ್ಲ ಅಂತಾನಾ? ಹಾಸಿಗೆ ಹಿಡಿದವರು ಬೇರೆ, ಓಡಾಡುವವರು ಬೇರೆ. ನಿಮ್ಮಪ್ಪ ಮಗ್ಗಲು ತಾವೇ ತಿರುಗ್ತಾರೆ. ಗೇಟ್ ದಾಟಿ ಹೋದವರನ್ನು ಹಾಲಿನವ ಹಿಡಿದು ತಂದದ್ದಕ್ಕೆ 3,000 ಜಾಸ್ತಿ ಕೊಡೋರು ನನಗೆ ಬುದ್ಧಿ ಹೇಳ್ತಾರೆ!

ಶಹಾಪುರದ ಅಕ್ಕ:
ಇಬ್ಬರೂ ಒಂದೇ. ನನ್ನ ತಾಯಿಯನ್ನು ನಾನು ಮನೆಯಲ್ಲೇ ನೋಡಿಕೊಂಡೆ, ಲಕ್ವಾದವರೇ. ಏಜೆನ್ಸಿ ಹುಡುಗಿಗೆ ಹಗಲಿಗೆ ಮಾತ್ರ 16,000, ಏಜೆನ್ಸಿಯ ಕಮಿಷನ್ ಬೇರೆ, ಅವಳ ಊಟ ಚಹಾ ಬೇರೆ. ಗಣಪತಿ ಹಬ್ಬಕ್ಕೆ ಊರಿಗೆ ಹೋದವಳು ಬರಲೇ ಇಲ್ಲ, ಕೊಟ್ಟ ಅಡ್ವಾನ್ಸ್ 5,000 ಹೋಯಿತು. ನಂತರ ಬಂದವಳು ಮಲಗಿಸಿಕೊಂಡೇ ಚಹಾ ಕುಡಿಸಿದಳು. ನುಂಗುವ ಶಕ್ತಿ ಕಮ್ಮಿ ಇದ್ದವರಿಗೆ ತೆಳ್ಳಗಿನದು ಶ್ವಾಸಕೋಶಕ್ಕೆ ಇಳಿಯುತ್ತೆ. ನ್ಯುಮೋನಿಯಾ ಆಗಿ ಐಸಿಯು, ಬಿಲ್ 1,12,000. ಆದರೂ ಹೊರಗೆ ಹಾಕಲಿಲ್ಲ. ನೆಟ್ಟಗೆ ಕೂರಿಸಿ ಗಂಜಿ ಗಟ್ಟಿ ಮಾಡಿ ನಾನೇ ಉಣಿಸಿದೆ.

ನವನಗರದವ:
'ಹೊರಗೆ ಹಾಕೋದು' ಅಂತ ಯಾರಿಗೆ ಹೇಳ್ತಿದ್ದೀರಿ? ನಿಮ್ಮದೇ ಮನೆಯಲ್ಲಿ ತಾನೇ ಐಸಿಯುವರೆಗೆ ಹೋದದ್ದು?

ರಾತ್ರಿ ಪಾಳಿ:
ನಾನು ಇಂಥ ಹೋಮಿನಲ್ಲಿ ರಾತ್ರಿ ಕೆಲಸ ಮಾಡಿದವಳು. ಸಂಬಳ 9,000. ಹದಿನಾಲ್ಕು ಜನಕ್ಕೆ ನಾನೊಬ್ಬಳೇ, ಅದರಲ್ಲಿ 8 ಜನ ಹಾಸಿಗೆ ಹಿಡಿದವರು. ಒಬ್ಬರನ್ನು ತಿರುಗಿಸಿ, ಒರೆಸಿ, ಡೈಪರ್ ಬದಲಿಸಲು 10 ನಿಮಿಷ ಅಂದರೂ 80 ನಿಮಿಷ. ಎರಡು ತಾಸಿಗೊಮ್ಮೆ ತಿರುಗಿಸಿ ಅಂತ ಡಾಕ್ಟರ್ ಬರೀತಾರೆ, ನಡುವೆ ಒಬ್ಬರು ಬಿದ್ದರೆ ಲೆಕ್ಕ ಮುಗೀತು. ಚಾರ್ಟ್ ಮಾತ್ರ ಪೂರ್ತಿ ತುಂಬಿರುತ್ತೆ, ಮಲಗುವ ಮೊದಲೇ ಬರೆದಿಡು ಅಂತಿದ್ದರು. ಎಲ್ಲ ಟೈಮೂ ಒಂದೇ ಪೆನ್ನು, ಒಂದೇ ಕೈ ಇದ್ದರೆ ಅರ್ಥ ಮಾಡಿಕೊಳ್ಳಿ. ಇನ್ಸುಲಿನ್ ಇನ್ನೊಂದು ಕಥೆ. ಪಾಳಿ ಮುಗಿಸಿ ಹೋಗುವ ಮೊದಲು 7ಕ್ಕೇ ಚುಚ್ಚಿ ಹೋಗು ಅಂತಾರೆ, ಉಪ್ಪಿಟ್ಟು ಬರೋದು 9ಕ್ಕೆ. ಶುಗರ್ ಇಳಿದು ಬೆವರಿ ಮಂಕಾಗಿದ್ದರೆ 'ಅಜ್ಜಿ ಮಲಗಿದ್ದಾರೆ' ಅಂತ ಬಿಡ್ತಾರೆ. ನೀವೆಲ್ಲ ಭಾನುವಾರ ಬಂದು ಫೋಟೋ ತೆಗೆದುಕೊಂಡು ಆಯಾನ ಬೈದು ಹೋಗ್ತೀರಿ. ಓನರಿಗೆ ಇನ್ನೊಬ್ಬಳನ್ನು ಇಡಿ ಅಂತ ಒಬ್ಬರೂ ಕೇಳಲಿಲ್ಲ.

ಟಿಳಕವಾಡಿ ಸೊಸೆ:
ನಾನು ಕೇಳಿದ್ದೆ. ತಿಂಗಳಿಗೆ 4,000 ಜಾಸ್ತಿ ಮಾಡಿದರು, ಆಯಾ ಬರಲಿಲ್ಲ.

ಜಮಖಂಡಿ ಕಾಕಾ:
ಅವ್ವನ ಮನೆ ಯಾರ ಹೆಸರಲ್ಲಿದೆ ಅದು ಮೊದಲು ಹೇಳಿ. ತಮ್ಮನಿಗೆ ಬಕ್ಷೀಸ್ ಪತ್ರ (ದಾನಪತ್ರ) ಆಗಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆ ಇದೆ, ಎಸಿ (ಅಸಿಸ್ಟಂಟ್ ಕಮಿಷನರ್) ಸಾಹೇಬರ ಹತ್ತಿರ ಅರ್ಜಿ ಹಾಕಿದರೆ ಪತ್ರ ರದ್ದಾಗುತ್ತೆ.

ನವನಗರದವ:
ಹಾಗೆ ಸುಮ್ನೆ ರದ್ದಾಗಲ್ಲ. ಕಲಂ 23 ಓದಿ. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಕೊಟ್ಟಿರಬೇಕು.

ಜಮಖಂಡಿ ಕಾಕಾ:
ಜೀವನಾಂಶವಾದರೂ ಕೊಡಬೇಕಲ್ವಾ ತಮ್ಮ?

ಶಹಾಪುರದ ಅಕ್ಕ:
ಮಗಳೂ ಕೊಡಬೇಕು, ಕಾಯ್ದೆಯಲ್ಲಿ ಮಕ್ಕಳು ಅಂದ್ರೆ ಹೆಣ್ಣುಮಕ್ಕಳೂ ಸೇರಿ. ಅದಕ್ಕೂ ಮಿತಿ ತಿಂಗಳಿಗೆ 10,000. ನವನಗರದವರ ಹೋಮಿಗೆ ಅರ್ಧವೂ ಆಗಲ್ಲ.

ವಿಜಯಪುರದಾಕೆ:
ತಮ್ಮನ ಮೇಲೆ ಕೇಸು ಹಾಕುವ ಮಾತೇ ನಾನು ಎತ್ತಿಲ್ಲ. ಮನೆ ಅವ್ವನ ಹೆಸರಲ್ಲೇ ಇದೆ.

ಜಮಖಂಡಿ ಕಾಕಾ:
ಹಂಗೇ ಇರಲಿ, ಸಹಿ ಮಾಡಿಸಬೇಡಿ. ಏನಾದ್ರೂ ಆದ್ರೆ 14567ಕ್ಕೆ ಫೋನ್ ಮಾಡಿ, ಹಿರಿಯರ ಸಹಾಯವಾಣಿ.

ಟಿಳಕವಾಡಿ ಸೊಸೆ:
ನವನಗರದವರೇ, ಆ 25,000ಕ್ಕೆ ರಸೀದಿ ಕೊಡ್ತಾರಾ?

ನವನಗರದವ:
15,000ಕ್ಕೆ ಕೊಡ್ತಾರೆ. ಉಳಿದದ್ದು ಕ್ಯಾಶ್. ನಿಮಗ್ಯಾಕೆ ಅದು?