ಕನ್ನಡ ಪದ ಬೇಕು: ಗೇಮ್ ಎಂಜಿನ್, ಎನ್ವಿರಾನ್ಮೆಂಟ್, ಏಜೆಂಟ್, ರಿವಾರ್ಡ್ (ನಾಳೆ ಫ್ಲೆಕ್ಸ್ ಅಚ್ಚಿಗೆ)

ಹಾಸನದಿಂದ:
ಎಲ್ಲರಿಗೂ ನಮಸ್ಕಾರ. ಶಾಲೆಯ ವಿಜ್ಞಾನ ಮೇಳಕ್ಕೆ ನಮ್ಮ ಒಂಬತ್ತನೇ ತರಗತಿ ಮಕ್ಕಳು ಗೊಡಾಟ್‌ನಲ್ಲಿ (ಕಂಪ್ಯೂಟರ್ ಆಟ ಕಟ್ಟಿ ನಡೆಸುವ ಸಾಫ್ಟ್‌ವೇರ್, ಅಂದರೆ ಗೇಮ್ ಎಂಜಿನ್) ಪುಟ್ಟ ಕಾರಿನ ಆಟ ಮಾಡಿದ್ದಾರೆ. ಕಾರು ಗೋಡೆಗೆ ಗುದ್ದಿ ಗುದ್ದಿ ತಾನೇ ದಾರಿ ಕಲಿಯುತ್ತದೆ. ಗೇಟು ದಾಟಿದರೆ 1 ಅಂಕ ಸೇರುತ್ತದೆ, ಗುದ್ದಿದರೆ 1 ಕಳೆಯುತ್ತದೆ. ಈ ಅಂಕವೇ ರಿವಾರ್ಡ್, ಕಲಿಯುವ ಕಾರು ಏಜೆಂಟ್, ಅದು ಓಡಾಡುವ ಆಟದ ಜಾಗ ಎನ್ವಿರಾನ್ಮೆಂಟ್. ಫ್ಲೆಕ್ಸ್ ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಹಳ್ಳಿಯಿಂದ ಬರುವ ಅಪ್ಪ ಅಮ್ಮಂದಿರಿಗೆ ತಿಳಿಯಬೇಕು. ಸದ್ಯಕ್ಕೆ ಆಟಯಂತ್ರ, ಪರಿಸರ, ನಿಯೋಗಿ, ಬಹುಮಾನ ಎಂದು ಬರೆದಿದ್ದೇನೆ. ಯಾವುದೂ ಸರಿ ಕೂರುತ್ತಿಲ್ಲ.

ಧಾರವಾಡದಿಂದ:
ಪರಿಸರ ಬೇಡವೇ ಬೇಡ. ಆ ಪದ ಕಂಡ ಕೂಡಲೇ ಗಿಡ ನೆಡುವ ಕಾರ್ಯಕ್ರಮ ಅಂದುಕೊಳ್ಳುತ್ತಾರೆ. 'ಕಣ' ಎಂದು ಬರೆಯಿರಿ. ಚುನಾವಣಾ ಕಣ, ಕುಸ್ತಿಯ ಕಣ ಎಲ್ಲರ ಬಾಯಲ್ಲೂ ಇವೆ. ಕಣ ಬರೀ ಒಕ್ಕಣೆಯ ಜಾಗ ಅಲ್ಲ. ಹಳಗನ್ನಡದ 'ಕಳ' ಎಂದರೆ ಯುದ್ಧದ ಬಯಲು ಕೂಡ. ತಮಿಳಿನ 'ಕಳಂ' ಇದರ ಒಡಹುಟ್ಟು. ಇಳಿದು ಸೆಣಸುವ ಜಾಗ ಎಂಬ ಅರ್ಥ ಪದದ ಹೊಟ್ಟೆಯಲ್ಲೇ ಇದೆ. ಏಜೆಂಟ್‌ಗೆ 'ಆಡುಗ' ಸಾಕು.

ಬೆಂಗಳೂರಿನಿಂದ:
ಕಣ ಆಗದು ಸರ್. ಹೊಗೆ, ಕಿಡಿ, ಧೂಳು ತೋರಿಸಲು ಗೊಡಾಟ್‌ನಲ್ಲಿ 'ಪಾರ್ಟಿಕಲ್ ನೋಡ್' ಎಂಬ ಭಾಗ ಇದೆ. ಮಕ್ಕಳು ವಿಜ್ಞಾನದ ಪಾಠದಲ್ಲಿ ಕಣ ಎಂದು ಓದುವುದು ಅದನ್ನೇ. ಒಂದೇ ಪ್ರಾಜೆಕ್ಟಿನಲ್ಲಿ ಎರಡು ಕಣ ಇಟ್ಟರೆ ಗೊಂದಲ. ಆಡುಗ ಅಂತ ಯಾರೂ ಮಾತಾಡಲ್ಲ. ಬಿಡಿ.

ಆದರೆ ದೊಡ್ಡ ತೊಡಕು ಆಟಯಂತ್ರದ್ದು. ಚೆಸ್‌ನವರು ಸ್ಟಾಕ್‌ಫಿಶ್ ಎಂಬ ಚೆಸ್ ಆಡುವ ಪ್ರೋಗ್ರಾಮನ್ನು ಎಂಜಿನ್ ಅನ್ನುತ್ತಾರೆ. ಅಲ್ಲಿ ನಡೆ ಯೋಚಿಸುವುದೇ ಎಂಜಿನ್. ಗೇಮ್ ಎಂಜಿನ್ ಹಾಗಲ್ಲ. ಅದು ಆಡುವುದಿಲ್ಲ, ಆಡಿಸುತ್ತದೆ. ವಿಜ್‌ಡೂಮ್ ನೋಡಿ. ಡೂಮ್ ಎಂಬ ಗುಂಡು ಹಾರಿಸುವ ಕಂಪ್ಯೂಟರ್ ಆಟವನ್ನು ಪ್ರೋಗ್ರಾಮ್‌ಗಳು ಆಡಿ ಕಲಿಯುವಂತೆ ಮಾಡಿದ್ದು ಅದು. ಪೋಲೆಂಡಿನ ಪೊಜ್ನಾನ್ ತಾಂತ್ರಿಕ ವಿಶ್ವವಿದ್ಯಾಲಯದವರು 2016ರಲ್ಲಿ ಸಂಶೋಧನೆಗೆಂದೇ ಹೊರತಂದದ್ದು. ಡೂಮ್ ಆಟದ ಕೋಡನ್ನು 1997ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟದ್ದರಿಂದ ಇದು ಆಯಿತು. ಎಂಜಿನ್ ಪರದೆಯ ಚಿತ್ರ ಕೊಡುತ್ತದೆ. ಕಲಿಯುವ ಪ್ರೋಗ್ರಾಮ್ ಬೇರೆ ಕಡೆ ಕೂತು, ಆ ಚಿತ್ರ ನೋಡಿ, ಯಾವ ಗುಂಡಿ ಒತ್ತಬೇಕು ಎಂದು ಹೇಳುತ್ತದೆ. ಆಟಯಂತ್ರ ಎಂದರೆ ಈ ಎರಡೂ ಕಲಸಿಹೋಗುತ್ತವೆ. 'ಆಟ ನಡೆಸುವ ಎಂಜಿನ್' ಎಂದು ಬಿಡಿಸಿ ಬರೆಯಿರಿ.

ಧಾರವಾಡದಿಂದ:
ಪಾರ್ಟಿಕಲ್ ಅರ್ಥದ ಕಣ ಸಂಸ್ಕೃತದ್ದು. ನಮ್ಮ ಕಣ ಬೇರೆ. ಹೊರಗಿನಿಂದ ಬಂದ ಪದಕ್ಕೆ ಮನೆಯ ಪದ ಜಾಗ ಬಿಡಬೇಕೇ? ಎಂಜಿನ್ ಕೂಡ ಬೇಡ. ಎಲ್ಲವನ್ನೂ ಇಂಗ್ಲಿಷಿನಲ್ಲೇ ಬಿಟ್ಟರೆ ಮಕ್ಕಳಿಗೆ ಕನ್ನಡದಲ್ಲಿ ಯೋಚಿಸಲು ಏನು ಉಳಿಯುತ್ತದೆ?

ಮೈಸೂರಿನಿಂದ:
ರೈಲು ಎಂಜಿನ್, ಪಂಪ್‌ಸೆಟ್ ಎಂಜಿನ್ ಎನ್ನದ ರೈತರು ಯಾರಿದ್ದಾರೆ? ಅದು ಕನ್ನಡವೇ. ಅರ್ಜಿ, ಕಚೇರಿ, ರಸ್ತೆಗಳನ್ನೂ ವಾಪಸ್ ಕಳಿಸುತ್ತೀರಾ? ಯಂತ್ರವೂ ಸಂಸ್ಕೃತದಿಂದ ಬಂದದ್ದೇ ಅಲ್ವಾ? ಆ ಸಾಲ ಸರಿ, ಈ ಸಾಲ ತಪ್ಪು ಎಂಬುದು ನನಗೆ ಒಪ್ಪಿಗೆಯಿಲ್ಲ.

ಮೇಡಂ, ಬಹುಮಾನವನ್ನು ಮಾತ್ರ ದಯವಿಟ್ಟು ತೆಗೆಯಿರಿ. ಬಹುಮಾನ ಗೆದ್ದವರಿಗೆ ಕೊನೆಯಲ್ಲಿ ಸಿಗುವುದು. ಇಲ್ಲಿ ಹೆಜ್ಜೆ ಹೆಜ್ಜೆಗೂ ಏನೋ ಸಿಗುತ್ತದೆ, ಕೆಲವೊಮ್ಮೆ ಕಳೆಯುತ್ತದೆ. 2016ರಲ್ಲಿ ಓಪನ್‌ಎಐ ಎಂಬ ಎಐ ಸಂಶೋಧನಾ ಸಂಸ್ಥೆ ಒಂದು ದೋಣಿ ಓಟದ ಆಟ ತೋರಿಸಿತ್ತು. ದೋಣಿ ನಡೆಸುತ್ತಿದ್ದದ್ದು ಕಲಿಯುವ ಪ್ರೋಗ್ರಾಮ್. ದೋಣಿ ಓಟ ಮುಗಿಸಲೇ ಇಲ್ಲ. ಒಂದೇ ಕಡೆ ಸುತ್ತು ಹೊಡೆಯುತ್ತಾ, ಮತ್ತೆ ಮತ್ತೆ ಮೂಡುವ ಗುರಿಗಳಿಗೆ ಗುದ್ದಿ ಅಂಕ ಗುಡ್ಡೆ ಹಾಕಿತು. ಆ ದೋಣಿಗೆ ಸಿಕ್ಕಿದ್ದನ್ನು ಬಹುಮಾನ ಅನ್ನಲಾಗದು. 'ಫಲ' ಅನ್ನಿ. ಮಾಡಿದ್ದಕ್ಕೆ ತಕ್ಕ ಫಲ. ಒಳ್ಳೆಯದೂ ಇರುತ್ತದೆ, ಕೆಟ್ಟದ್ದೂ ಇರುತ್ತದೆ. ಅಜ್ಜಿಯರಿಗೂ ಗೊತ್ತಾಗುತ್ತದೆ.

ಧಾರವಾಡದಿಂದ:
ಫಲವೂ ಸಂಸ್ಕೃತ. ಮತ್ತೆ ಅದೇ ಕಥೆ.

ಮೈಸೂರಿನಿಂದ:
ಇರಲಿ. ಜನರಿಗೆ ತಿಳಿದಿದೆ.

ಹಾಸನದಿಂದ:
ಎಲ್ಲರಿಗೂ ಥ್ಯಾಂಕ್ಸ್. ಫ್ಲೆಕ್ಸ್‌ಗೆ ಹೀಗೆ ಕಳಿಸುತ್ತಿದ್ದೇನೆ: "ಇದು ಕಲಿಯುವ ಕಾರು. ಗೊಡಾಟ್ ಎಂಬ ಎಂಜಿನ್ ಈ ಆಟ ನಡೆಸುತ್ತದೆ. ಅದರ ಕೋಡನ್ನು 2014ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಬಿಚ್ಚಿ ನೋಡಬಹುದು. ಕಾರು ಆಟದ ಕಣಕ್ಕೆ ಇಳಿದು, ತನ್ನ ನಡೆಗೆ ಸಿಕ್ಕ ಫಲ ನೋಡಿ ಕಲಿಯುತ್ತದೆ." 'ಆಟದ ಕಣ' ಎಂದು ಜೋಡಿಸಿದ್ದೇನೆ, ಕಿಡಿಯ ಕಣದ ಜೊತೆ ಕಲಸುವುದಿಲ್ಲ. ಏಜೆಂಟ್ ಪದ ಬೇಕಾಗಲೇ ಇಲ್ಲ. ಹಳ್ಳಿಯವರು ಸುಮ್ನೆ ವಿಮೆ ಏಜೆಂಟ್ ಅಂದುಕೊಳ್ಳುತ್ತಿದ್ದರು.

ಇನ್ನೊಂದು ಬಾಕಿ ಇದೆ. ಕಾರು ಗುದ್ದಿ ನಿಂತು ಮತ್ತೆ ಮೊದಲಿಂದ ಶುರು ಮಾಡುವುದನ್ನು ಎಪಿಸೋಡ್ ಎನ್ನುತ್ತಾರೆ. ಕಂತು ಅನ್ನಲೇ?

ಬೆಂಗಳೂರಿನಿಂದ:
ಬೇಡ. ಕಂತು ಹಿಂದಿನದಕ್ಕೆ ಮುಂದುವರಿಕೆ. ಇದು ಪ್ರತಿಸಲ ಮೊದಲಿನಿಂದ. 'ಸುತ್ತು' ಸಾಕು.

ಧಾರವಾಡದಿಂದ:
ಸುತ್ತು ಒಳ್ಳೆಯ ಪದ. ಒಪ್ಪಿದೆ. ಆದರೆ ಎಂಜಿನ್ ಬಗ್ಗೆ ನನ್ನ ತಕರಾರು ಇದ್ದೇ ಇದೆ.